ಕಪ್ಪು ಕಾವ್ಯದ ಮನೆ ಮತ್ತು ಬೀದಿ

ಅಮೆರಿಕದ ಕಪ್ಪು ಜನರ ಕಾವ್ಯವನ್ನು ಕುರಿತು ಕನ್ನಡದಲ್ಲಿ ಕೇಳಿಬರುವ ಮಾತುಗಳು ಸಾಮಾನ್ಯವಾಗಿ ಎರಡು ಬಗೆಯವು. ಒಂದು ಬಗೆಯವರಿಗೆ ಅದು ಸಿಟ್ಟಿನ ಕಾವ್ಯ. ಸರಪಳಿ, ಚಾವಟಿ, ನೇಣಿನ ಮರ, ಎತ್ತಿದ ಮುಷ್ಟಿ ಇವಿಷ್ಟೇ ಅದರ ಸಾಮಗ್ರಿ. ಇವು ಇಲ್ಲದ ಕವಿತೆ ಕಂಡರೆ ಕವಿ ರಾಜಿಯಾದನೆಂಬ ಅನುಮಾನ. ಇನ್ನೊಂದು ಬಗೆಯವರು ರಸಿಕರು. ತಾಯಿಯ ಮೇಲೆ, ಅಜ್ಜಿಯ ಮೇಲೆ, ಚಳಿಯಲ್ಲಿ ಎದ್ದು ಬೆಂಕಿ ಹೊತ್ತಿಸುವ ತಂದೆಯ ಮೇಲೆ ಬರೆದ ಕವಿತೆ ಸಿಕ್ಕರೆ, ಇಗೋ ಇಲ್ಲಿ ಕವಿ ಬಣ್ಣವನ್ನು ಮೀರಿ ಸಾರ್ವತ್ರಿಕನಾದ ಎಂದು ಇವರಿಗೆ ಸಂತೋಷ. ಮೊದಲಿನವರು ಬೀದಿಯನ್ನು ಹಿಡಿದು ಮನೆಯನ್ನು ಬಿಟ್ಟರು. ಎರಡನೆಯವರು ಮನೆಯೊಳಗೆ ಹೊಕ್ಕು ಬಾಗಿಲು ಹಾಕಿಕೊಂಡರು. ಪರಸ್ಪರ ವೈರಿಗಳಂತೆ ತೋರುವ ಈ ಇಬ್ಬರೂ ಒಂದು ನಂಬಿಕೆಯಲ್ಲಿ ಒಡಹುಟ್ಟಿದವರು. ಪ್ರೀತಿಯೇ ಬೇರೆ, ನ್ಯಾಯವೇ ಬೇರೆ ಎಂಬುದೇ ಆ ನಂಬಿಕೆ. ಕಪ್ಪು ಕಾವ್ಯದ ಮಟ್ಟಿಗೆ ಅದು ತಪ್ಪು ಎಂಬುದು ಈ ಲೇಖನದ ವಾದ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುವುದಾದರೆ, ಅದು ಗುಲಾಮರ ಒಡೆಯರ ಅಂಗಳದಲ್ಲಿ ಹುಟ್ಟಿದ ನಂಬಿಕೆ.

ಇದನ್ನು ಇತಿಹಾಸದಿಂದಲೇ ಆರಂಭಿಸಬೇಕು. 1662ರಲ್ಲಿ ವರ್ಜೀನಿಯಾ ವಸಾಹತಿನ ಶಾಸನಸಭೆ ಒಂದು ಕಾಯಿದೆ ಮಾಡಿತು. ಅದರಂತೆ ಕಪ್ಪು ಹೆಣ್ಣಿಗೆ ಹುಟ್ಟುವ ಮಗು ಸ್ವತಂತ್ರವೋ ಗುಲಾಮವೋ ಎಂಬುದು ತಾಯಿಯ ಸ್ಥಿತಿಯಿಂದ ನಿರ್ಧಾರವಾಗಬೇಕಾಯಿತು. ಇಂಗ್ಲಿಷರ ಕಾನೂನಿನಲ್ಲಿ ತಂದೆಯಿಂದ ಬರುತ್ತಿದ್ದ ಅಂತಸ್ತನ್ನು ಇಲ್ಲಿ ಮಾತ್ರ ತಿರುವುಮುರುವು ಮಾಡಲಾಯಿತು. ಒಡೆಯನಿಂದಲೇ ಹುಟ್ಟಿದ ಮಗುವೂ ಒಡೆಯನ ಆಸ್ತಿಯಾಗಲು ಇದರಿಂದ ದಾರಿಯಾಯಿತು. ತಾಯಿಯ ಒಡಲು ಲೆಕ್ಕದ ಪುಸ್ತಕದ ಒಂದು ಪುಟವಾಯಿತು. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆ ಇರಲಿಲ್ಲ. 1808ರಲ್ಲಿ ಆಫ್ರಿಕದಿಂದ ಗುಲಾಮರನ್ನು ತರುವುದು ನಿಷಿದ್ಧವಾದ ಮೇಲಂತೂ ದೇಶದೊಳಗಿನ ವ್ಯಾಪಾರವೇ ಹೆಚ್ಚಿತು. 1790ರಿಂದ 1860ರವರೆಗೆ ಸುಮಾರು 10 ಲಕ್ಷ ಜನರನ್ನು ವರ್ಜೀನಿಯಾ, ಮೇರಿಲ್ಯಾಂಡ್‌ಗಳಂಥ ಸೀಮೆಗಳಿಂದ ಕೆಳ ದಕ್ಷಿಣದ ಹತ್ತಿಯ ಹೊಲಗಳಿಗೆ ಸಾಗಿಸಲಾಯಿತೆಂದು ಇತಿಹಾಸಕಾರರ ಅಂದಾಜು. ಹರಾಜುಕಟ್ಟೆಯ ಮೇಲೆ ಗಂಡ ಒಬ್ಬನಿಗೆ, ಹೆಂಡತಿ ಇನ್ನೊಬ್ಬನಿಗೆ, ಮಗು ಮತ್ತೊಬ್ಬನಿಗೆ ಮಾರಾಟವಾಗುವುದು ಆ ವ್ಯಾಪಾರದ ನಿತ್ಯದ ರೀತಿಯಾಗಿತ್ತು.

ಫ್ರೆಡರಿಕ್ ಡಗ್ಲಸ್ 1845ರ ತನ್ನ ಆತ್ಮಕಥೆಯಲ್ಲಿ ತಾಯಿಯನ್ನು ಕಂಡದ್ದು ಒಟ್ಟು ನಾಲ್ಕೈದು ಸಲ ಎನ್ನುತ್ತಾನೆ. ಅದೂ ರಾತ್ರಿಯ ಹೊತ್ತಿನಲ್ಲಿ ಮಾತ್ರ. ಹಸುಗೂಸಾಗಿದ್ದಾಗಲೇ ಅವನನ್ನು ಆಕೆಯಿಂದ ಬೇರ್ಪಡಿಸಿದ್ದರು. ಸುಮಾರು 12 ಮೈಲಿ ದೂರದ ಹೊಲದಲ್ಲಿ ದಿನವಿಡೀ ದುಡಿದು, ನಡೆದು ಬಂದು, ಮಗನ ಪಕ್ಕದಲ್ಲಿ ಮಲಗಿ ಅವನಿಗೆ ನಿದ್ದೆ ಬರಿಸಿ, ಬೆಳಕು ಹರಿಯುವ ಮುನ್ನ ಆಕೆ ಹಿಂತಿರುಗಬೇಕಿತ್ತು. ಸೂರ್ಯೋದಯಕ್ಕೆ ಹೊಲದಲ್ಲಿರದ ಆಳಿಗೆ ಚಾವಟಿಯ ಶಿಕ್ಷೆ. ಆ ನಡಿಗೆ ವಾತ್ಸಲ್ಯವೋ ಪ್ರತಿಭಟನೆಯೋ ಎಂದು ನಮ್ಮ ಎರಡೂ ಬಗೆಯ ವಿಮರ್ಶಕರನ್ನು ಕೇಳಬೇಕು. ಉತ್ತರ ಕೊಡಲು ಅವರು ತಡವರಿಸಿದರೆ, ತಡವರಿಕೆಯ ಕಾರಣ ಆ ತಾಯಿಯಲ್ಲಿಲ್ಲ, ಅವರ ವರ್ಗೀಕರಣದಲ್ಲಿದೆ.

*

ಒಡೆಯರ ಅಂಗಳದ ನಂಬಿಕೆ ಎಂದೆ. ಅದಕ್ಕೆ ಸಾಕ್ಷಿ ಥಾಮಸ್ ಜೆಫರ್ಸನ್. ಎಲ್ಲ ಮನುಷ್ಯರೂ ಸಮಾನರೆಂಬ ಘೋಷಣೆಯ ಕರಡು ಬರೆದ ಈತ, 1780ರ ದಶಕದಲ್ಲಿ ಪ್ರಕಟವಾದ ವರ್ಜೀನಿಯಾ ಕುರಿತ ತನ್ನ ಟಿಪ್ಪಣಿಗಳ ಗ್ರಂಥದಲ್ಲಿ ಕಪ್ಪು ಜನರ ಬಗ್ಗೆ ಮೂರು ಮಾತು ಹೇಳುತ್ತಾನೆ. ಅವರ ದುಃಖ ಕ್ಷಣಿಕವಾದದ್ದು. ಅವರ ಪ್ರೇಮ ಇಂದ್ರಿಯಗಳ ಕಾವು ಮಾತ್ರ, ಕಲ್ಪನೆಯನ್ನು ಅದು ಮುಟ್ಟುವುದಿಲ್ಲ. ಅವರಲ್ಲಿ ಬವಣೆ ಬೇಕಾದಷ್ಟಿದೆ, ಆದರೆ ಕಾವ್ಯವಿಲ್ಲ. ಇವು ಒಂದಕ್ಕೊಂದು ಹೆಣೆದುಕೊಂಡ ಮಾತುಗಳೆಂಬುದನ್ನು ಗಮನಿಸಬೇಕು. ಮಗುವನ್ನು ಮಾರುವ ಕೈ ನಡುಗದಿರಬೇಕಾದರೆ ತಾಯಿಯ ಅಳು ಬೇಗ ನಿಲ್ಲುತ್ತದೆಂದು ನಂಬಲೇಬೇಕು. ಹಾಗೆ ನಂಬಿದ ಮೇಲೆ ಅವಳಿಂದ ಕಾವ್ಯ ಹುಟ್ಟುವುದನ್ನು ಒಪ್ಪಿಕೊಳ್ಳುವಂತಿಲ್ಲ.

ಜೆಫರ್ಸನ್ ಹೀಗೆ ಬರೆಯುವ ಹೊತ್ತಿಗೆ ಅವನ ಮಾತನ್ನು ಸುಳ್ಳಾಗಿಸುವ ಪುಸ್ತಕ ಅಚ್ಚಾಗಿ ಬಂದಿತ್ತು. 1761ರಲ್ಲಿ ಏಳೆಂಟು ವರ್ಷದ ಹುಡುಗಿಯೊಬ್ಬಳನ್ನು ಹಡಗಿನಲ್ಲಿ ಬಾಸ್ಟನ್ನಿಗೆ ತಂದು ಮಾರಿದ್ದರು. ತಂದ ಹಡಗಿನ ಹೆಸರು, ಕೊಂಡ ಮನೆತನದ ಹೆಸರು ಸೇರಿ ಅವಳು ಫಿಲ್ಲಿಸ್ ವೀಟ್ಲಿಯಾದಳು. 1773ರಲ್ಲಿ ಲಂಡನ್ನಿನಲ್ಲಿ ಅವಳ ಕವನ ಸಂಕಲನ ಪ್ರಕಟವಾಯಿತು. ಕವಿತೆಗಳನ್ನು ಬರೆದವಳು ಅವಳೇ ಎಂದು ಬಾಸ್ಟನ್ನಿನ 18 ಮಂದಿ ಗಣ್ಯರು ಸಹಿ ಹಾಕಿದ ಪ್ರಮಾಣಪತ್ರ ಅದರ ಮುಂಭಾಗದಲ್ಲಿದೆ. ಪುರಾಣದ ಪ್ರತಿಮೆಗಳಿಂದ ತುಂಬಿದ ಆ ಸಂಕಲನದಲ್ಲಿ ಡಾರ್ಟ್‌ಮತ್ತಿನ ಅರ್ಲ್‌ಗೆ ಬರೆದ ಕವಿತೆಯೊಂದಿದೆ. ಸ್ವಾತಂತ್ರ್ಯದ ಮೇಲೆ ತನಗೇಕೆ ಇಷ್ಟು ಪ್ರೀತಿ ಎಂಬುದಕ್ಕೆ ಕವಿ ಅಲ್ಲಿ ಕೊಡುವ ಕಾರಣ ಯಾವ ಸಿದ್ಧಾಂತವೂ ಅಲ್ಲ. ಕೂಸನ್ನು ಕಿತ್ತುಕೊಂಡಾಗ ತನ್ನ ತಂದೆ ಪಟ್ಟಿರಬಹುದಾದ ಸಂಕಟವನ್ನು ಆಕೆ ಮುಂದಿಡುತ್ತಾಳೆ. ಕಪ್ಪು ಅಮೆರಿಕದ ಪ್ರಥಮ ಕವನ ಸಂಕಲನದಲ್ಲೇ ರಾಜಕಾರಣದ ವಾದಕ್ಕೆ ತಂದೆಯ ಸಂಕಟವೇ ಆಧಾರವಾಗಿದೆ. ಜೆಫರ್ಸನ್ ಅವಳ ಕವಿತೆಗಳನ್ನು ವಿಮರ್ಶೆಗೂ ಅನರ್ಹವೆಂದು ತಳ್ಳಿಹಾಕಿದ. ಅದೇ ಜೆಫರ್ಸನ್ ತನ್ನ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್‌ಳ ಮಕ್ಕಳ ತಂದೆಯೆಂಬುದನ್ನು, 1998ರ ಡಿ.ಎನ್.ಎ. ಪರೀಕ್ಷೆಯ ತರುವಾಯ, ಅವನ ಸ್ಮಾರಕವನ್ನು ನೋಡಿಕೊಳ್ಳುವ ಪ್ರತಿಷ್ಠಾನವೇ 2000ದಲ್ಲಿ ಬಹುಮಟ್ಟಿಗೆ ಒಪ್ಪಿಕೊಂಡಿತು. 1662ರ ಕಾಯಿದೆಯ ತತ್ವದಂತೆ ಆ ಮಕ್ಕಳು ಹುಟ್ಟಿನಿಂದಲೇ ಗುಲಾಮರು. ಕಪ್ಪು ಜನರಿಗೆ ಪ್ರೀತಿ ತಿಳಿಯದು ಎಂದವನ ಮನೆಯ ಕತೆ ಇದು.

ಆದ್ದರಿಂದ ಕಪ್ಪು ಕವಿಯೊಬ್ಬ ನನಗೊಬ್ಬಳು ತಾಯಿಯಿದ್ದಾಳೆ, ಅವಳು ನನ್ನನ್ನು ಪ್ರೀತಿಸಿದಳು ಎಂದು ಬರೆದಾಗ ಎರಡು ಶತಮಾನದ ಕಾನೂನಿಗೂ ತತ್ವಜ್ಞಾನಕ್ಕೂ ಎದುರು ಮಾತಾಡುತ್ತಿರುತ್ತಾನೆ. ಬಾಲ್ಟಿಮೋರ್‌ನ ಫ್ರಾನ್ಸಿಸ್ ಎಲೆನ್ ವಾಟ್ಕಿನ್ಸ್ ಹಾರ್ಪರ್ ಗುಲಾಮತಾಯಿಯ ಮೇಲೆ, ಹರಾಜುಕಟ್ಟೆಯ ಮೇಲೆ ಬರೆದ ಕವಿತೆಗಳನ್ನು 1850ರ ದಶಕದಲ್ಲಿ ಗುಲಾಮಗಿರಿಯ ವಿರೋಧದ ಸಭೆಗಳಿಗೆ ಕೊಂಡೊಯ್ದಾಗ ಆಕೆ ಮಾಡುತ್ತಿದ್ದದ್ದು ಇದನ್ನೇ. ಅಂತರ್ಯುದ್ಧ ಮುಗಿದ ಮೇಲೆ ಫಿಲಡೆಲ್ಫಿಯಾದ ‘ಕ್ರಿಶ್ಚಿಯನ್ ರೆಕಾರ್ಡರ್’ನಂಥ ಕಪ್ಪು ಜನರ ಪತ್ರಿಕೆಗಳಲ್ಲಿ ವರ್ಷಗಟ್ಟಲೆ ಜಾಹೀರಾತುಗಳು ಬಂದವು. ನನ್ನ ತಾಯಿಯನ್ನು ಇಂಥವನು ಇಂಥಲ್ಲಿಗೆ ಮಾರಿದ, ಬಲ್ಲವರು ತಿಳಿಸಿ ಎಂಬ ಧಾಟಿಯ ಮೊರೆಗಳವು. ಅವುಗಳನ್ನು ಬರೆಸಿದವರು ಕವಿಗಳಲ್ಲ. ಆದರೆ ಮುಂದೆ ಬಂದ ಕವಿತೆಗಳ ಬೇರು ಅಲ್ಲಿದೆ.

*

ಇಪ್ಪತ್ತನೆಯ ಶತಮಾನಕ್ಕೆ ಬಂದರೆ ಲ್ಯಾಂಗ್‌ಸ್ಟನ್ ಹ್ಯೂಸ್ ಎದುರಾಗುತ್ತಾನೆ. 1922ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, ಡಬ್ಲ್ಯು.ಇ.ಬಿ. ಡುಬಾಯ್ಸ್ ಸಂಪಾದಿಸುತ್ತಿದ್ದ ‘ದ ಕ್ರೈಸಿಸ್’ ಪತ್ರಿಕೆಯಲ್ಲಿ ಅವನ ‘ಮದರ್ ಟು ಸನ್’ ಪ್ರಕಟವಾಯಿತು. ತಾಯಿಯೊಬ್ಬಳು ಮಗನಿಗೆ ತನ್ನ ಬದುಕನ್ನು ಸವೆದು ಮುರಿದ ಮೆಟ್ಟಿಲುಗಳಾಗಿ ವರ್ಣಿಸುವ ಕವಿತೆ ಅದು. ನಮ್ಮಲ್ಲಿ ಇದನ್ನು ಛಲದ ಪಾಠವಾಗಿ ಓದಿಸುತ್ತಾರೆ. ಆದರೆ ಆ ಮೆಟ್ಟಿಲು ಮುರಿದದ್ದೇಕೆ, ಅದನ್ನು ರಿಪೇರಿ ಮಾಡಿಸಬೇಕಾದ ಮನೆಯ ಮಾಲೀಕ ಯಾರು ಎಂದು ಯಾರೂ ಕೇಳುವುದಿಲ್ಲ. ಹ್ಯೂಸ್ ಸ್ವತಃ ಈ ಪ್ರಶ್ನೆಯನ್ನು ಬಿಟ್ಟವನಲ್ಲ. 1926ರಲ್ಲಿ ‘ದ ನೇಷನ್’ ಪತ್ರಿಕೆಗೆ ಬರೆದ ಪ್ರಬಂಧದಲ್ಲಿ, ತಾನು ನೀಗ್ರೋ ಕವಿಯಲ್ಲ, ಬರೇ ಕವಿ ಎನ್ನುವ ತರುಣನನ್ನು ಎದುರಿಗಿಟ್ಟುಕೊಂಡು, ಆ ಬಯಕೆಯ ಒಳಗೆ ಬಿಳಿಯನಾಗುವ ಬಯಕೆ ಅಡಗಿದೆಯೆಂದು ವಾದಿಸಿದ. ‘ಸಾರ್ವತ್ರಿಕ’ ಎಂಬ ಪದವನ್ನು ಬಿರುದಿನಂತೆ ಹಂಚುವ ನಮ್ಮ ರಸಿಕರು ಆ ಪ್ರಬಂಧವನ್ನು ಇನ್ನೊಮ್ಮೆ ಓದುವುದು ಒಳ್ಳೆಯದು.

1965ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆಯ ಅಧಿಕಾರಿ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ನೀಗ್ರೋ ಕುಟುಂಬವನ್ನು ಕುರಿತು ವರದಿಯೊಂದನ್ನು ಸಿದ್ಧಪಡಿಸಿದ. ಗುಲಾಮಗಿರಿಯ, ನಿರುದ್ಯೋಗದ ಹೊಡೆತಗಳನ್ನು ಅದು ಒಪ್ಪಿತ್ತು. ಆದರೂ ಅದು ಸಮಾಜದ ಮೇಲೆ ಬಿಟ್ಟುಹೋದ ಚಿತ್ರ ಒಂದೇ: ತಾಯಂದಿರೇ ನಡೆಸುವ ಕಪ್ಪು ಕುಟುಂಬ ಒಂದು ರೋಗ. ಮೊದಲು ಕುಟುಂಬವನ್ನು ಒಡೆದು ಮಾರಿದ ವ್ಯವಸ್ಥೆ, ಆಮೇಲೆ ಒಡೆದ ಕುಟುಂಬವೇ ಅಪರಾಧಿಯೆಂದಿತು. ಮೂರು ವರ್ಷದ ನಂತರ, 1968ರಲ್ಲಿ, ಇದಕ್ಕೆ ಉತ್ತರದಂತಿರುವ ಎರಡು ಕವಿತೆಗಳು ಬಂದವು. ಒಂದು ನಿಕ್ಕಿ ಜಿಯೊವಾನಿಯ ‘ನಿಕ್ಕಿ-ರೋಸಾ’. ಮನೆಯೊಳಗೆ ಶೌಚಾಲಯವಿಲ್ಲದಿದ್ದುದು, ತಂದೆಯ ಕುಡಿತ, ಅಪ್ಪ ಅಮ್ಮಂದಿರ ಜಗಳ ಯಾವುದನ್ನೂ ಆಕೆ ಮುಚ್ಚಿಡುವುದಿಲ್ಲ. ನಾಳೆ ಬಿಳಿಯ ಜೀವನಚರಿತ್ರೆಕಾರನೊಬ್ಬ ಬಂದು ಇವನ್ನಷ್ಟೇ ಎಣಿಸಿಕೊಂಡು ಹೋಗುತ್ತಾನೆ, ಆ ಮನೆಯಲ್ಲಿ ತಾನು ಸಂತೋಷವಾಗಿದ್ದೆನೆಂಬುದು ಅವನಿಗೆ ತಿಳಿಯುವುದೇ ಇಲ್ಲ ಎಂಬುದು ಅವಳ ಆತಂಕ. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡ ಈ ಕವಿಯನ್ನು ಕ್ರಾಂತಿಯ ಕವಿಯೆಂದು ಹೊಗಳಿದವರೆಷ್ಟೋ ಮಂದಿ. ಅವಳ ಕ್ರಾಂತಿಯ ಪ್ರಣಾಳಿಕೆ ಈ ಪುಟ್ಟ ಕವಿತೆಯಲ್ಲೇ ಇದೆಯೆಂದು ನನ್ನ ಅಭಿಪ್ರಾಯ.

ಎರಡನೆಯದು ಎಥರಿಜ್ ನೈಟ್ ಇಂಡಿಯಾನಾದ ಸೆರೆಮನೆಯಲ್ಲಿದ್ದು ಬರೆದದ್ದು. ಸೆರೆಕೋಣೆಯ ಗೋಡೆಗೆ ಅಂಟಿಸಿದ 47 ಭಾವಚಿತ್ರಗಳನ್ನು ಕೈದಿ ನೋಡುತ್ತ ಮಲಗಿದ್ದಾನೆ. ಅಪ್ಪ, ಅಮ್ಮ, ಅಜ್ಜಿಯರು, ಅತ್ತೆ ಮಾವಂದಿರು, ದಾಯಾದಿಗಳು, ಅವರ ಮಕ್ಕಳು. ಎಲ್ಲರನ್ನೂ ಹೆಸರು ಹಿಡಿದು ಬಲ್ಲೆ, ಎಲ್ಲರೂ ನನ್ನವರು ಎನ್ನುವ ಅವನು ಅದೇ ಉಸಿರಿನಲ್ಲಿ ಈ ವಂಶದಲ್ಲಿ ತನ್ನ ಜಾಗ ತುಂಬಲು ಮಕ್ಕಳಿಲ್ಲವೆಂದು ಕೊರಗುತ್ತಾನೆ. ಇದರಲ್ಲಿ ಘೋಷಣೆಯಿಲ್ಲ. ಆದರೆ ಗೋಡೆಯ ಮೇಲಿನ ಒಂದೊಂದು ಮುಖವೂ ಆ ವರದಿಯ ವಿರುದ್ಧ ನಿಂತ ಸಾಕ್ಷಿ.

*

ಪ್ರತಿಭಟನೆಯ ಕಾವ್ಯವೆಂದು ಬೀದಿಯ ಪಕ್ಷದವರು ಹೊಗಳುವ ಕವಿತೆಗಳನ್ನೇ ತೆಗೆದುಕೊಂಡರೂ ಸ್ಥಿತಿ ಬೇರೆಯಲ್ಲ. 1963ರ ಸೆಪ್ಟೆಂಬರ್ 15ರಂದು ಅಲಬಾಮದ ಬರ್ಮಿಂಗ್‌ಹ್ಯಾಮಿನ ಚರ್ಚೊಂದರಲ್ಲಿ ಬಿಳಿಯ ಜನಾಂಗದ್ವೇಷಿಗಳು ಇಟ್ಟ ಬಾಂಬಿಗೆ ನಾಲ್ವರು ಬಾಲೆಯರು ಬಲಿಯಾದರು. ಇದರ ಮೇಲೆ ಡೆಟ್ರಾಯಿಟ್ಟಿನ ಗ್ರಂಥಪಾಲಕ ಡಡ್ಲಿ ರ‍್ಯಾಂಡಲ್ ಬರೆದ ಲಾವಣಿಯ ವಸ್ತು ತಾಯಿ ಮಗಳ ಸಂವಾದ. ಮೆರವಣಿಗೆಗೆ ಹೋಗುತ್ತೇನೆನ್ನುವ ಮಗಳನ್ನು ತಾಯಿ ತಡೆದು, ಅಪಾಯವಿಲ್ಲದ ಜಾಗವೆಂದು ಚರ್ಚಿಗೆ ಕಳಿಸುತ್ತಾಳೆ. ತಾಯಿಯ ಎಚ್ಚರಿಕೆಗೂ ಮಗುವನ್ನು ಕಾಯುವ ಶಕ್ತಿ ಇಲ್ಲದ ನಾಡಿನ ಮೇಲಿನ ಆರೋಪಪಟ್ಟಿ ಅದು. 1965ರಲ್ಲಿ ಬಿಡಿಹಾಳೆಯಾಗಿ ಅಚ್ಚಾದ ಈ ಲಾವಣಿಯಿಂದಲೇ ಬ್ರಾಡ್‌ಸೈಡ್ ಪ್ರೆಸ್ ಹುಟ್ಟಿತು. ಕಪ್ಪು ಕಾವ್ಯದ ಸಿಟ್ಟಿನ ದಶಕವನ್ನು ಅಚ್ಚುಹಾಕಿದ ಸಂಸ್ಥೆಗಳಲ್ಲಿ ಮುಖ್ಯವಾದದ್ದು ಇದು. ನೈಟ್‌ನ ಸೆರೆಮನೆಯ ಕವಿತೆಗಳನ್ನು ಪ್ರಕಟಿಸಿದ್ದೂ ಇದೇ.

ಗ್ವೆಂಡಲಿನ್ ಬ್ರೂಕ್ಸ್‌ಳ ಮಾತು ಇನ್ನೂ ಗಟ್ಟಿ. 1945ರ ಮೊದಲ ಸಂಕಲನದಲ್ಲೇ ಆಕೆ ಷಿಕಾಗೋದ ಕಪ್ಪು ಬಡಾವಣೆಯ ಇಕ್ಕಟ್ಟಿನ ಬಿಡಾರಗಳನ್ನು ಬರೆದಳು. ಒಂದು ಮನೆಯನ್ನು ಹಲವು ಕೋಣೆಗಳಾಗಿ ಸೀಳಿ, ಕೋಣೆಗೊಂದು ಸಂಸಾರವನ್ನು ತುಂಬಿದ ವಠಾರಗಳವು. ಎಲ್ಲರಿಗೂ ಸೇರಿ ಒಂದೇ ಸ್ನಾನದ ಮನೆ. ಕನಸು ಕಾಣಬೇಕೆಂದರೆ ಈರುಳ್ಳಿಯ ಹೊಗೆ ಅಡ್ಡ ಬರುತ್ತದೆ. ಮುಂಬಯಿಯ ಚಾಳುಗಳನ್ನು ಬಲ್ಲ ನಮ್ಮ ಓದುಗರಿಗೆ ಈ ಚಿತ್ರ ಅಪರಿಚಿತವಲ್ಲ. ಆದರೆ ಅಲ್ಲಿನ ಇಕ್ಕಟ್ಟಿಗೆ ಬಡತನವೊಂದೇ ಕಾರಣವಾಗಿರಲಿಲ್ಲ. ಬೇರೆ ಬಡಾವಣೆಗಳಲ್ಲಿ ಕಪ್ಪು ಜನರಿಗೆ ಮನೆ ಮಾರಬಾರದು, ಬಾಡಿಗೆಗೂ ಕೊಡಬಾರದು ಎಂಬ ಕರಾರುಪತ್ರಗಳಿದ್ದವು. ನ್ಯಾಯಾಲಯಗಳು ಅವನ್ನು ಜಾರಿಮಾಡಕೂಡದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 1948ರಲ್ಲಿ. ಅಡುಗೆಮನೆಯ ಹೊಗೆಯಲ್ಲೇ ಕರಾರುಪತ್ರದ ವಾಸನೆಯಿದೆ. 1950ರಲ್ಲಿ ಬ್ರೂಕ್ಸ್ ಪುಲಿಟ್ಜರ್ ಪ್ರಶಸ್ತಿ ಪಡೆದ ಮೊದಲ ಕಪ್ಪು ಲೇಖಕಿಯಾದಳು.

1955ರ ಆಗಸ್ಟ್‌ನಲ್ಲಿ ಷಿಕಾಗೋದಿಂದ ಮಿಸಿಸಿಪ್ಪಿಗೆ ಬಂಧುಗಳ ಮನೆಗೆ ಹೋಗಿದ್ದ 14 ವರ್ಷದ ಎಮೆಟ್ ಟಿಲ್‌ನನ್ನು ಬಿಳಿಯರು ಕೊಂದರು. ತಾಯಿ ಮೇಮಿ ಟಿಲ್, ಗುರುತು ಸಿಗದಂತೆ ಜಜ್ಜಿಹೋದ ಮಗನ ಮುಖವನ್ನು ಲೋಕ ನೋಡಲಿ ಎಂದು ಶವಪೆಟ್ಟಿಗೆಯನ್ನು ತೆರೆದೇ ಇಡಿಸಿದಳು. ಬಿಳಿಯರೇ ತುಂಬಿದ್ದ ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ಇಬ್ಬರು ಆರೋಪಿಗಳನ್ನೂ ಬಿಟ್ಟಿತು. ಕೆಲವೇ ತಿಂಗಳಲ್ಲಿ, 1956ರ ಜನವರಿಯಲ್ಲಿ, ಅವರು ಹಣ ಪಡೆದು ಪತ್ರಿಕೆಯೊಂದಕ್ಕೆ ತಮ್ಮ ಕೃತ್ಯವನ್ನು ವಿವರಿಸಿದರು. ಇದರ ಮೇಲೆ ಬ್ರೂಕ್ಸ್ 1960ರ ಸಂಕಲನದಲ್ಲಿ ಎರಡು ಕವಿತೆ ಪ್ರಕಟಿಸಿದಳು. ಒಂದರಲ್ಲಿ ಕವಿ ಹೊಕ್ಕಿರುವುದು ಹಂತಕನ ಮನೆಯ ಅಡುಗೆಮನೆಗೆ. ಉಪಾಹಾರದ ಮೇಜು, ಮಕ್ಕಳು, ಗಂಡನ ಕೈಯನ್ನು ಕಂಡು ಒಳಗೊಳಗೇ ಹೇಸುವ ಹೆಂಡತಿ. ಇನ್ನೊಂದು ಕೆಲವೇ ಸಾಲಿನ ಪುಟ್ಟ ಕವಿತೆ. ಅದರಲ್ಲಿ ಮಗನನ್ನು ಹೂಳಿ ಬಂದು ಕಾಫಿ ಕುಡಿಯುತ್ತ ಕುಳಿತ ತಾಯಿ. ಅನ್ಯಾಯ ನಡೆದದ್ದು ಮಿಸಿಸಿಪ್ಪಿಯಲ್ಲಿ. ಕವಿ ಅದನ್ನು ತೂಗಿದ್ದು ಎರಡು ಮನೆಗಳ ಒಳಗೆ. ಲಿಂಚಿಂಗ್ ವಿರುದ್ಧದ ಒಕ್ಕೂಟದ ಕಾನೂನು ಆ ಬಾಲಕನ ಹೆಸರಿನಲ್ಲಿ ಜಾರಿಗೆ ಬಂದದ್ದು 2022ರಲ್ಲಿ, ಅಂದರೆ 67 ವರ್ಷದ ಮೇಲೆ.

ರಸಿಕರ ಅಚ್ಚುಮೆಚ್ಚಿನ ಕವಿ ರಾಬರ್ಟ್ ಹೇಡನ್. ಅವನ ‘ದೋಸ್ ವಿಂಟರ್ ಸಂಡೇಸ್’ನಲ್ಲಿ ಭಾನುವಾರವೂ ನಸುಕಿನಲ್ಲೇ ಎದ್ದು, ವಾರದ ದುಡಿಮೆಗೆ ಬಿರಿದ ಕೈಗಳಿಂದ ಮನೆಗೆ ಬೆಂಕಿ ಹೊತ್ತಿಸಿ, ಮಗನ ಬೂಟನ್ನೂ ಉಜ್ಜಿಡುವ ತಂದೆಯಿದ್ದಾನೆ. ಕವಿತೆಯಲ್ಲಿ ಬಣ್ಣದ ಮಾತಿಲ್ಲ, ನಿಜ. ಹೇಡನ್ ತನ್ನನ್ನು ನೀಗ್ರೋ ಕವಿ ಎನ್ನಬೇಡಿ, ಕವಿ ಎನ್ನಿ ಎಂದು ಕೇಳಿಕೊಂಡವನು. ಅದಕ್ಕಾಗಿ 1966ರ ಫಿಸ್ಕ್ ವಿಶ್ವವಿದ್ಯಾಲಯದ ಲೇಖಕರ ಸಮ್ಮೇಳನದಲ್ಲಿ ತನ್ನವರಿಂದಲೇ ಟೀಕೆಗೆ ಒಳಗಾದವನು. ಹ್ಯೂಸ್ 1926ರಲ್ಲಿ ತರುಣನಿಗೆ ಹೇಳಿದ ಮಾತನ್ನು ಇವನಿಗೂ ಅನ್ವಯಿಸಬಹುದೇ? ಸಾಧ್ಯವಿಲ್ಲ. ಗುಲಾಮರ ಹಡಗಿನ ನರಕವನ್ನು, ಆಮಿಸ್ಟಾಡ್ ಹಡಗಿನ ದಂಗೆಯನ್ನು ‘ಮಿಡಲ್ ಪ್ಯಾಸೇಜ್’ನಲ್ಲಿ ಬರೆದವನೂ ಇವನೇ. ತನ್ನನ್ನು ಸಣ್ಣ ಅಳತೆಗೋಲಿನಿಂದ ಅಳೆಯಬೇಡಿ ಎಂದು ಅವನು ಕೇಳಿದ. ತನ್ನ ಜನರ ಇತಿಹಾಸವನ್ನು ಮರೆಯಿರಿ ಎಂದು ಕೇಳಲಿಲ್ಲ. ಡೆಟ್ರಾಯಿಟ್ಟಿನ ಕಪ್ಪು ಬಡಾವಣೆಯ ಸಾಕುತಂದೆಯ ಕೈ ಬಿರಿದದ್ದೇಕೆ ಎಂಬುದನ್ನು ಕೇಳದೆ ಆ ಕೈಗೆ ಮುತ್ತಿಡುವ ರಸಿಕತೆ ಅಗ್ಗದ ರಸಿಕತೆ.

*

ಇಲ್ಲಿ ಒಂದು ಆಕ್ಷೇಪ ಬರಬಹುದು. ಹೀಗೆ ಮನೆಯನ್ನು ಎತ್ತಿ ಹಿಡಿದರೆ ಮನೆಯೊಳಗಿನ ಯಜಮಾನಿಕೆಯನ್ನು ಮುಚ್ಚಿಟ್ಟಂತಾಗುವುದಿಲ್ಲವೇ? ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ಉತ್ತರ ಕೊಟ್ಟವರೂ ಆ ಕವಿಗಳೇ, ಅದರಲ್ಲೂ ಹೆಣ್ಣುಮಕ್ಕಳು. ಆಡ್ರಿ ಲಾರ್ಡ್ ಬಿಳಿಯ ಪೊಲೀಸನ ಗುಂಡಿಗೆ ಬಲಿಯಾದ ಹತ್ತು ವರ್ಷದ ಕಪ್ಪು ಬಾಲಕನ ಮೇಲೆ ಬರೆದಳು. ತನ್ನ ಸಮುದಾಯದ ಗಂಡಸರ ದಬ್ಬಾಳಿಕೆಯ ಬಗ್ಗೆಯೂ ಬರೆದಳು. ನಟಾಷಾ ಟ್ರೆಥವೇ 1966ರಲ್ಲಿ ಮಿಸಿಸಿಪ್ಪಿಯಲ್ಲಿ ಹುಟ್ಟಿದಾಗ ಕಪ್ಪು ತಾಯಿ, ಬಿಳಿಯ ತಂದೆಯರ ಮದುವೆ ಆ ರಾಜ್ಯದಲ್ಲಿ ಅಪರಾಧ. ಅವರು ಓಹಾಯೋಗೆ ಹೋಗಿ ಮದುವೆಯಾಗಬೇಕಾಯಿತು. ಅಂಥ ಕಾನೂನುಗಳನ್ನು ಸರ್ವೋಚ್ಚ ನ್ಯಾಯಾಲಯ ರದ್ದು ಮಾಡಿದ್ದು 1967ರಲ್ಲಿ. ಅದೇ ತಾಯಿಯನ್ನು 1985ರಲ್ಲಿ ಕೊಂದವನು ಆಕೆಯ ಎರಡನೆಯ ಗಂಡನಾಗಿದ್ದವನು. 2007ರಲ್ಲಿ ಪುಲಿಟ್ಜರ್ ಪಡೆದ ‘ನೇಟಿವ್ ಗಾರ್ಡ್’ ಸಂಕಲನದಲ್ಲಿ ರಾಜ್ಯದ ಅನ್ಯಾಯವನ್ನೂ ತಾಯಿಯನ್ನು ಕಳೆದುಕೊಂಡ ದುಃಖವನ್ನೂ ಆಕೆ ಒಟ್ಟಿಗೇ ಹಿಡಿದಳು. ಮನೆ ಸ್ವರ್ಗವೆಂದು ಈ ಕಾವ್ಯ ಹೇಳುತ್ತಿಲ್ಲ. ಮನೆಯೂ ನ್ಯಾಯ ಕೇಳುವ ಸ್ಥಳ ಎನ್ನುತ್ತಿದೆ.

ಈ ವಾದ ನಮಗೇಕೆ ಬೇಕು? ಕಪ್ಪು ಹೋರಾಟದ ಹೆಸರು ಈ ದೇಶಕ್ಕೆ ಬಂದದ್ದು ನಾವು ಬಾಳುತ್ತಿರುವ ಈ ಮುಂಬಯಿಯ ಮೂಲಕ. 1966ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ ಹೆಸರು ಪಡೆದು 1972ರಲ್ಲಿ ಇಲ್ಲಿ ದಲಿತ ಪ್ಯಾಂಥರ್ಸ್ ಸಂಘಟನೆ ಹುಟ್ಟಿತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಾವ್ಯ ಖಡ್ಗವಾಗಲೆಂದಿತು. ಆ ಘೋಷವಾಕ್ಯದ ಉಳಿದರ್ಧದಲ್ಲಿ ಜನರ ನೋವಿಗೆ ಮಿಡಿಯುವ ಗೆಳೆಯನೂ ಇದ್ದಾನೆ. ನಮ್ಮ ವಿಮರ್ಶೆ ಖಡ್ಗವನ್ನು ಉಳಿಸಿಕೊಂಡು ಗೆಳೆಯನನ್ನು ಕೈಬಿಟ್ಟಿತು. ಜಾತಿಯೂ ವರ್ಣಭೇದವೂ ಒಂದೇ ಅಲ್ಲ. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಗೆಯೇ ತೊಡಿಸಲಾಗದು. ಆದರೆ ಓದುವ ದೋಷ ಎರಡೂ ಕಡೆ ಒಂದೇ. ದೇವನೂರ ಮಹಾದೇವರ ‘ಒಡಲಾಳ’ದಲ್ಲಿ ಸಾಕವ್ವನ ಸಂಸಾರ ಕದ್ದು ತಂದ ಕಡಲೆಕಾಯಿಯನ್ನು ಸುತ್ತ ಕೂತು ತಿಂದು ಮುಗಿಸುವ ರಾತ್ರಿಯೂ, ಪೊಲೀಸರು ಬರುವ ಬೆಳಗೂ ಒಂದೇ ಕತೆಯ ಎರಡು ಹೊತ್ತು. ಆ ರಾತ್ರಿಯ ನಲಿವನ್ನು ಬಿಟ್ಟು ಬೆಳಗಿನ ಅನ್ಯಾಯವನ್ನು ಅರಿಯಲಾಗದು.

ಹೊರನಾಡಿನ ನಮಗೆ ಇನ್ನೊಂದು ಅಪಾಯವಿದೆ. ಊರು, ಅವ್ವ, ಅಂಗಳ ಎಂದು ಹಂಬಲಿಸುವ ಕವಿತೆಗಳು ನಮ್ಮ ಪತ್ರಿಕೆಗಳಲ್ಲಿ ಹೇರಳ. ಕಪ್ಪು ಕವಿಯ ತಾಯಿಯನ್ನೂ ಇದೇ ಹಂಬಲದ ಕನ್ನಡಿಯಲ್ಲಿ ನೋಡಿ ಕಣ್ಣೊರೆಸಿಕೊಳ್ಳುವುದು ಸುಲಭ. ನಾವು ಟಿಕೇಟು ಕೊಂಡು ರೈಲು ಹತ್ತಿ ಬಂದವರು; ಬೇಕೆನಿಸಿದಾಗ ಹಿಂತಿರುಗಬಲ್ಲವರು. ಅವರನ್ನು ಮಾರಿ ಕಳಿಸಲಾಗಿತ್ತು. ಈ ಅಂತರವನ್ನು ಮರೆಸುವ ಅನುವಾದ ಕವಿತೆಗೆ ಮಾಡುವ ದ್ರೋಹ. ಹ್ಯೂಸ್‌ನ ತಾಯಿ ಕಪ್ಪು ಜನರ ಆಡುಮಾತಿನಲ್ಲಿ ನುಡಿಯುತ್ತಾಳೆ. ಅವಳ ಬಾಯಲ್ಲಿ ಪಠ್ಯಪುಸ್ತಕದ ಕನ್ನಡ ಇಟ್ಟರೆ ಅವಳ ಮಾತು ಮೇಷ್ಟರ ಉಪದೇಶವಾಗುತ್ತದೆ. ‘ಜನನಿ’ ಸಲ್ಲದು, ‘ಅವ್ವ’ ಬೇಕು. ಅವ್ವನ ವ್ಯಾಕರಣವೂ ಬೇಕು. ಹಾಗೆಯೇ ಹೇಡನ್‌ನ ತಂದೆಯನ್ನು ಅಚ್ಚುಹಾಕುವ ಸಂಕಲನಕಾರ ಅವನ ಹಡಗಿನ ಕವಿತೆಯನ್ನೂ ಹಾಕಬೇಕು. ಜಿಯೊವಾನಿಯ ಮುಷ್ಟಿಯನ್ನು ಪಾಠ ಮಾಡುವ ಅಧ್ಯಾಪಕ ಅವಳ ಬಾಲ್ಯದ ಮನೆಯನ್ನೂ ಪಾಠ ಮಾಡಬೇಕು. ಇದು ಸೌಜನ್ಯದ ಸಲಹೆಯಲ್ಲ, ಪ್ರಾಮಾಣಿಕ ಓದಿನ ಕನಿಷ್ಠ ಷರತ್ತು.

2020ರ ಮೇ 25ರಂದು ಮಿನಿಯಾಪೊಲಿಸ್ ನಗರದ ಬೀದಿಯಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ 46 ವರ್ಷದ ಕಪ್ಪು ಮನುಷ್ಯನ ಕತ್ತಿನ ಮೇಲೆ ಪೊಲೀಸನೊಬ್ಬ ಒಂಬತ್ತು ನಿಮಿಷಕ್ಕೂ ಮಿಕ್ಕಿ ಮಂಡಿಯೂರಿ ಕೊಂದ. ಉಸಿರಾಡಲಾಗುತ್ತಿಲ್ಲವೆಂದು ಮೊರೆಯಿಡುತ್ತಿದ್ದ ಅವನ ಬಾಯಲ್ಲಿ ಮತ್ತೆ ಮತ್ತೆ ಬಂದ ಕರೆ ಅಮ್ಮನದು. ಆ ತಾಯಿ ಎರಡು ವರ್ಷ ಹಿಂದೆಯೇ ತೀರಿಕೊಂಡಿದ್ದಳು. ಅಮೆರಿಕದ ನಗರಗಳಲ್ಲಿ ಮೆರವಣಿಗೆಗಳು ಹೊರಟದ್ದು ಆ ಕರೆಯನ್ನು ಕೇಳಿದ ಮೇಲೆ. ಅದು ಮನೆಯ ಮಾತೋ ಬೀದಿಯ ಮಾತೋ ಎಂದು ಆ ಹೊತ್ತಿನಲ್ಲಿ ಯಾರೂ ವಿಂಗಡಿಸಲಿಲ್ಲ. ಕಪ್ಪು ಕಾವ್ಯವನ್ನು ಓದುವ ನಾವೂ ಆ ವಿಂಗಡಣೆಯನ್ನು ಬಿಡಬೇಕು.